ಗಾರ್ ಮೀನಿಗೆ ಮೊದಲು ಅಗಲ ಕೊಡಿ, ಫಿಲ್ಟರ್ ಮಾತು ಆಮೇಲೆ

ಪ್ರಶ್ನೆ: ಆರು ತಿಂಗಳ ಹಿಂದೆ ‘ಅಲಿಗೇಟರ್ ಗಾರ್’ ಅಂತ ಹೇಳಿ ಕೊಟ್ಟ ಒಂದು ಮರಿಯನ್ನು ತಂದೆ. ಆಗ ಬೆರಳುದ್ದ ಇತ್ತು, ಈಗ 32 ಸೆಂ.ಮೀ. ಆಗಿದೆ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿದೆ. ದಿನಾ ನಾಲ್ಕೈದು ಜೀವಂತ ಗೋಲ್ಡ್‌ಫಿಶ್ ಮರಿ ಹಾಕುತ್ತೇನೆ, ಬೇರೇನೂ ಮುಟ್ಟುವುದಿಲ್ಲ. ಸ್ವಲ್ಪ ಹಣ ಕೂಡಿಟ್ಟಿದ್ದೇನೆ. ದೊಡ್ಡ ಫಿಲ್ಟರ್, ಹೀಟರ್, ಯುವಿ ದೀಪ, ವಿಟಮಿನ್ ಹನಿ – ಇವುಗಳಲ್ಲಿ ಮೊದಲು ಯಾವುದನ್ನು ಕೊಳ್ಳಲಿ? ಗಾಳಿ ಕುಡಿದು ಬದುಕುವ ಗಟ್ಟಿ ಮೀನು, ಏನೂ ಆಗಲ್ಲ ಅನ್ನುತ್ತಾರೆ. ನಿಜವೇ?

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಗಾರ್ ಸಾಕುವವರು ಮಾಡುವ ತಪ್ಪುಗಳಲ್ಲಿ ಅರ್ಧಕ್ಕರ್ಧ ಆ ಒಂದು ನಂಬಿಕೆಯಿಂದಲೇ ಬರುತ್ತವೆ. ಉದ್ದ ಮೂತಿಯ, ಕವಚದಂಥ ಮೈಯ ಈ ಬೇಟೆಗಾರ ಗಾರ್ ಗಟ್ಟಿ ಮೀನು ಅನ್ನುವುದು ನಿಜ. ಬೇರೆ ಮೀನು ಎರಡು ದಿನದಲ್ಲಿ ಸಾಯುವಂಥ ನೀರಿನಲ್ಲಿ ಇದು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ತೊಂದರೆ ಇರುವುದೂ ಅಲ್ಲೇ. ಏನೋ ತಪ್ಪಾಗಿದೆ ಅಂತ ಅದು ಬೇಗ ತೋರಿಸಿಕೊಳ್ಳುವುದಿಲ್ಲ. ನಮಗೆ ಗೊತ್ತಾಗುವಷ್ಟರಲ್ಲಿ ಬೆನ್ನು ಬಾಗಿರುತ್ತದೆ, ಮೂತಿ ಸೊಟ್ಟಗಾಗಿರುತ್ತದೆ.

ನಿಮ್ಮ ಪಟ್ಟಿಯಲ್ಲಿ ನಾಲ್ಕು ವಸ್ತುಗಳಿವೆ. ಮೊದಲು ಬೇಕಾದದ್ದು ಅದರಲ್ಲಿ ಇಲ್ಲವೇ ಇಲ್ಲ. ಅದು ಅಗಲವಾದ ಜಾಗ. ಅದಕ್ಕೂ ಮುಂಚೆ ದುಡ್ಡೇ ಬೇಡದ ಒಂದು ಕೆಲಸ ಇದೆ: ನಿಮ್ಮ ಹತ್ತಿರ ಇರುವುದು ನಿಜಕ್ಕೂ ಯಾವ ಗಾರ್ ಅಂತ ಕಂಡುಹಿಡಿಯುವುದು.

ಜಗತ್ತಿನಲ್ಲಿ ಈಗ ಉಳಿದಿರುವ ಗಾರ್‌ಗಳು ಏಳೇ ಜಾತಿ. ಎಲ್ಲವೂ ಉತ್ತರ ಅಮೆರಿಕ, ಮಧ್ಯ ಅಮೆರಿಕ ಮತ್ತು ಕ್ಯೂಬಾದವು. ಅಲಿಗೇಟರ್, ಕ್ಯೂಬನ್, ಟ್ರಾಪಿಕಲ್ ಈ ಮೂರು ಒಂದು ಗುಂಪು. ಲಾಂಗ್‌ನೋಸ್, ಶಾರ್ಟ್‌ನೋಸ್, ಸ್ಪಾಟೆಡ್, ಫ್ಲೋರಿಡಾ ಈ ನಾಲ್ಕು ಇನ್ನೊಂದು ಗುಂಪು. ಮಾರುವವರಲ್ಲಿ ಅನೇಕರು ಎಲ್ಲದಕ್ಕೂ ಅಲಿಗೇಟರ್ ಗಾರ್ ಅಂತಲೇ ಹೇಳುತ್ತಾರೆ, ಆ ಹೆಸರಿಗೆ ಗಿರಾಕಿ ಜಾಸ್ತಿ ಅಲ್ವಾ. ಗಾರ್ ಅಲ್ಲವೇ ಅಲ್ಲದ ಸೂಜಿಮೂತಿ ಮೀನುಗಳೂ ಈ ಹೆಸರಿನಲ್ಲಿ ಬರುತ್ತವೆ.

ಆದರೆ ನಿಮಗೆ ಹೆಸರಿಗಿಂತ ಮುಖ್ಯವಾದದ್ದು ಅಳತೆ. ಫ್ಲೋರಿಡಾ, ಸ್ಪಾಟೆಡ್, ಶಾರ್ಟ್‌ನೋಸ್ ಗಾರ್‌ಗಳು ಸಾಮಾನ್ಯವಾಗಿ 60ರಿಂದ 75 ಸೆಂ.ಮೀ. ಹತ್ತಿರ ನಿಧಾನವಾಗುತ್ತವೆ. ಕೆಲವು ಅದನ್ನೂ ಮೀರುತ್ತವೆ. ಲಾಂಗ್‌ನೋಸ್ ಒಂದು ಮೀಟರ್ ದಾಟುವುದು ಮಾಮೂಲು. ಅಲಿಗೇಟರ್ ಗಾರ್ 2 ಮೀಟರ್ ಮೀರಿ ಬೆಳೆಯುತ್ತದೆ. 2011ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಸಿಕ್ಕ ಒಂದು ಮೀನು ಸುಮಾರು 148 ಕಿಲೋ ತೂಗಿತ್ತು. ಬದುಕುವುದೂ ಹಾಗೇ, ಐವತ್ತು ವರ್ಷ ಮೀರಿ. ಅಂದರೆ ನಿಮ್ಮ ಮೀನು ನಿಜವಾದ ಅಲಿಗೇಟರ್ ಗಾರ್ ಆಗಿದ್ದರೆ ನೀವು ಯೋಚಿಸಬೇಕಾದದ್ದು ಟ್ಯಾಂಕಿನ ಬಗ್ಗೆ ಅಲ್ಲ, ಕೊಳದ ಬಗ್ಗೆ.

ಬೆಳವಣಿಗೆಯ ವೇಗದಿಂದ ಗುರುತು ಹಿಡಿಯಲು ಹೋಗಬೇಡಿ. ಮೊದಲ ವರ್ಷದಲ್ಲಿ 30 ಸೆಂ.ಮೀ. ಮುಟ್ಟುವುದು ಬೇರೆ ಗಾರ್‌ಗಳಿಗೂ ಸಾಧ್ಯ. ಮೇಲಿನಿಂದ ಮೂತಿ ನೋಡಿ. ಅಗಲವಾಗಿ, ಗಿಡ್ಡಕ್ಕೆ, ಮೊಸಳೆಯ ಮೂತಿಯ ಹಾಗಿದ್ದರೆ ಅಲಿಗೇಟರ್ ಗುಂಪಿನದು ಅಂತ ಅನುಮಾನಿಸಬಹುದು. ಎಳೆಯ ಅಲಿಗೇಟರ್ ಗಾರ್‌ಗೆ ಮೂತಿಯಿಂದ ಬೆನ್ನಿನ ಮೇಲೆ ಹಾದು ಹೋಗುವ ಒಂದು ತಿಳಿ ಬಣ್ಣದ ಪಟ್ಟೆ ಇರುತ್ತದೆ. ಬೆಳೆದದ್ದರ ಮೇಲಿನ ದವಡೆಯಲ್ಲಿ ದೊಡ್ಡ ಹಲ್ಲುಗಳು ಎರಡು ಸಾಲು. ಮೂತಿ ಸೂಜಿಯ ಹಾಗೆ ಸಣ್ಣಗೆ, ಉಳಿದ ತಲೆಯ ಎರಡು ಪಟ್ಟಿಗಿಂತ ಉದ್ದ ಇದ್ದರೆ ಲಾಂಗ್‌ನೋಸ್, ಅದರಲ್ಲಿ ಗೊಂದಲ ಇಲ್ಲ. ತಲೆಯ ಮೇಲೂ ಚುಕ್ಕೆಗಳಿದ್ದರೆ ಸ್ಪಾಟೆಡ್ ಅಥವಾ ಫ್ಲೋರಿಡಾ. ಇವೆರಡರಲ್ಲಿ ಯಾವುದು ಅಂತ ತಿಳಿಯಲು ಮೀನಿನ ಗಂಟಲನ್ನು ಕೆಳಗಿನಿಂದ ನೋಡಬೇಕು: ಎರಡು ಕಿವಿರುಗಳ ನಡುವಿನ ಚರ್ಮದಲ್ಲಿ ಮೂಳೆಯ ಬಿಲ್ಲೆಗಳಿದ್ದರೆ ಸ್ಪಾಟೆಡ್, ಬರೀ ಚರ್ಮ ಇದ್ದರೆ ಫ್ಲೋರಿಡಾ. ಮೀನನ್ನು ಹೊರಗೆ ತೆಗೆಯಬೇಡಿ. ಉಸಿರಿಗೆ ಮೇಲೆ ಬಂದಾಗ ಗಾಜಿನ ಹೊರಗಿನಿಂದಲೇ ಫೋಟೋ ತೆಗೆದರೆ ಸಾಕು.

ಈಗ ಅಗಲದ ಮಾತು.

ಸಾಮಾನ್ಯ ಮೀನು ಇಕ್ಕಟ್ಟಾದ ಜಾಗದಲ್ಲಿ ಮೈ ಬಳುಕಿಸಿ ತಿರುಗಿಕೊಳ್ಳುತ್ತದೆ. ಗಾರ್‌ಗೆ ಅದು ಬರುವುದಿಲ್ಲ. ಇದರ ಹುರುಪೆಗಳು ತೆಳ್ಳಗೆ ಒಂದರ ಮೇಲೊಂದು ಕೂತವಲ್ಲ. ವಜ್ರದ ಆಕಾರದ, ಹಲ್ಲಿನ ಮೇಲ್ಪದರದಷ್ಟು ಗಟ್ಟಿಯಾದ ಬಿಲ್ಲೆಗಳು, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕವಚದ ಹಾಗೆ ಕೂತಿರುತ್ತವೆ. ಮೈಯೆಲ್ಲಾ ಬಿಗಿ. ಹಾಗಾಗಿ ಅದಕ್ಕೆ ತಿರುಗಲು ಒಂದು ದೊಡ್ಡ ಸುತ್ತು ಬೇಕು, ಉದ್ದನೆಯ ಲಾರಿಗೆ ಬೇಕಾಗುವಂತೆ.

ನಿಮ್ಮ ಟ್ಯಾಂಕಿನ ಅಗಲ ಸುಮಾರು 45 ಸೆಂ.ಮೀ., ಮೀನು 32. ಇವತ್ತಿಗೆ ಹೇಗೋ ನಡೆಯುತ್ತಿದೆ. ಇನ್ನು 10 ಸೆಂ.ಮೀ. ಬೆಳೆದರೆ ಪ್ರತಿ ಸಲ ತಿರುಗುವಾಗ ಮೂತಿ ಮುಂದಿನ ಗಾಜಿಗೂ ಬಾಲ ಹಿಂದಿನ ಗಾಜಿಗೂ ತಾಗುತ್ತದೆ. ದಿನಕ್ಕೆ ಎಷ್ಟು ಸಲ ತಿರುಗುತ್ತದೆ ಅಂತ ಒಂದು ಗಂಟೆ ಕೂತು ಎಣಿಸಿ ನೋಡಿ. ಅಷ್ಟು ಸಲ ಮೈ ಬಾಗಿಸಿಕೊಂಡೇ ಬೆಳೆದರೆ ಬೆನ್ನುಮೂಳೆ ನೆಟ್ಟಗೆ ಉಳಿಯುವುದಾದರೂ ಹೇಗೆ?

ಇದನ್ನು ನಾನು ಓದಿ ಕಲಿತದ್ದಲ್ಲ. ನನ್ನ ಮೊದಲ ಫ್ಲೋರಿಡಾ ಗಾರ್ ಇಂಥದ್ದೇ ಒಂದೂವರೆ ಅಡಿ ಅಗಲದ ಟ್ಯಾಂಕಿನಲ್ಲಿತ್ತು. ಉದ್ದ 6 ಅಡಿ ಇದೆಯಲ್ಲ, ಇನ್ನೇನು ಬೇಕು ಅಂದುಕೊಂಡಿದ್ದೆ. ಅರ್ಧ ಮೀಟರ್ ಆಗುವ ಹೊತ್ತಿಗೆ ಮೂತಿಯ ತುದಿ ಎಡಕ್ಕೆ ವಾಲಿತ್ತು. ಆಮೇಲೆ ದೊಡ್ಡ ತೊಟ್ಟಿಗೆ ಹಾಕಿದೆ, ವರ್ಷಗಟ್ಟಲೆ ಬದುಕಿತು, ಚೆನ್ನಾಗಿ ತಿಂದಿತು. ಮೂತಿ ಮಾತ್ರ ನೆಟ್ಟಗಾಗಲಿಲ್ಲ. ನೋಡಿದಾಗಲೆಲ್ಲ ಬೇಜಾರಾಗುತ್ತಿತ್ತು.

ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟು: ಬೆಳೆದ ಮೀನಿನ ಉದ್ದಕ್ಕಿಂತ ಅಗಲ ಜಾಸ್ತಿ ಇರಬೇಕು, ಒಂದೂವರೆ ಪಟ್ಟು ಇದ್ದರೆ ಒಳ್ಳೆಯದು. ಉದ್ದ ಮೂರು ಪಟ್ಟು. ಎತ್ತರ ಎರಡು ಅಡಿ ಸಾಕು. ಗಾರ್ ಮೇಲ್ಭಾಗದಲ್ಲಿ ತೇಲುತ್ತಾ ಕಾಯುವ ಮೀನು, ಆಳಕ್ಕೆ ದುಡ್ಡು ಸುರಿಯುವುದು ದಂಡ. ಫ್ಲೋರಿಡಾ ಅಥವಾ ಸ್ಪಾಟೆಡ್ ಆಗಿದ್ದರೆ 8 ಅಡಿ ಉದ್ದ, 3 ಅಡಿ ಅಗಲ ಅನ್ನುವುದು ಕನಿಷ್ಠ. 2 ಅಡಿ ಎತ್ತರ ಹಿಡಿದರೆ ಸುಮಾರು 1,350 ಲೀಟರ್. ಗಾಜಿನದೇ ಆಗಬೇಕಿಲ್ಲ. ಪ್ಲೈವುಡ್ ಮೇಲೆ ಜಲನಿರೋಧಕ ಲೇಪನ ಮಾಡಿದ ತೊಟ್ಟಿ, ಫೈಬರ್ ತೊಟ್ಟಿ, ಲೈನರ್ ಹಾಸಿದ ಒಳಾಂಗಣ ಕೊಳ ಎಲ್ಲವೂ ನಡೆಯುತ್ತವೆ. ಮೀನನ್ನು ಪಕ್ಕದಿಂದ ನೋಡುವ ಖುಷಿ ನಮಗೆ ತಪ್ಪುತ್ತದೆ, ಅದಕ್ಕೇನೂ ನಷ್ಟ ಇಲ್ಲ. ಒಂದು ಎಚ್ಚರಿಕೆ: ಅಷ್ಟು ನೀರೇ ಸುಮಾರು 1.35 ಟನ್ ತೂಗುತ್ತದೆ, ನೆಲ ತಡೆಯುತ್ತದೆಯೇ ನೋಡಿಕೊಳ್ಳಿ.

ಮೀನು ಟ್ಯಾಂಕಿನ ಅಳತೆಗೆ ತಕ್ಕಷ್ಟೇ ಬೆಳೆಯುತ್ತದೆ ಅಂತ ಯಾರಾದರೂ ಹೇಳಿದರೆ ನಗಬೇಡಿ, ನಂಬಲೂ ಬೇಡಿ. ಕೆಟ್ಟ ನೀರು, ಇಕ್ಕಟ್ಟು, ಅರೆಬರೆ ಆಹಾರದಿಂದ ಬೆಳವಣಿಗೆ ಕುಂಠಿತವಾಗುತ್ತದೆ ಅಷ್ಟೇ. ಅದನ್ನು ಹೊಂದಾಣಿಕೆ ಅಂತ ಕರೆಯುವುದು ನಮ್ಮ ಸಮಾಧಾನಕ್ಕೆ.

ಅಲಿಗೇಟರ್ ಗಾರ್ ಅಂತ ಖಾತ್ರಿಯಾದರೆ ಮನೆಯೊಳಗಿನ ಯಾವ ಟ್ಯಾಂಕೂ ಸಾಲುವುದಿಲ್ಲ. ದೊಡ್ಡ ಕೊಳ ಇರುವ ಅನುಭವಿ ಸಾಕಣೆಗಾರರನ್ನೋ ಸಾರ್ವಜನಿಕ ಮತ್ಸ್ಯಾಲಯವನ್ನೋ ಈಗಿನಿಂದಲೇ ಹುಡುಕಲು ಶುರುಮಾಡಿ. 30 ಸೆಂ.ಮೀ. ಮೀನನ್ನು ತೆಗೆದುಕೊಳ್ಳುವವರು ಸಿಗಬಹುದು, ಒಂದೂವರೆ ಮೀಟರಿನದಕ್ಕೆ ‘ನಮ್ಮಲ್ಲೂ ಜಾಗ ಇಲ್ಲ’ ಅನ್ನುವವರೇ ಹೆಚ್ಚು. ಕೆರೆಗೋ ನದಿಗೋ ಬಿಡುವ ಯೋಚನೆ ಮಾತ್ರ ಬೇಡ. 2022ರಲ್ಲಿ ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಯಾರೋ ಬಿಟ್ಟಿದ್ದ ಅಲಿಗೇಟರ್ ಗಾರ್ ಹಿಡಿಯಲು ಒಂದು ಇಡೀ ಉದ್ಯಾನದ ಕೆರೆಯನ್ನೇ ಬರಿದು ಮಾಡಬೇಕಾಯಿತು. ಜಪಾನಿನಲ್ಲಿ ಕೋಟೆಯ ಕಂದಕದಲ್ಲೂ ಇವು ಸಿಕ್ಕಿದವು. 2018ರಿಂದ ಅಲ್ಲಿ ಇಡೀ ಗಾರ್ ಕುಟುಂಬಕ್ಕೇ ನಿರ್ಬಂಧ ಇದೆ. ಕಾನೂನು ಒಂದೊಂದು ಕಡೆ ಒಂದೊಂದು ಥರ. ನಿಮ್ಮಲ್ಲಿ ಸಾಕಲು ಅನುಮತಿ ಇದೆಯೇ ಅಂತ ತೊಟ್ಟಿ ಕಟ್ಟಿಸುವ ಮೊದಲೇ ವಿಚಾರಿಸಿ.

ಇನ್ನು ಗಾಳಿ ಕುಡಿಯುವ ವಿಷಯ. ಗಾರ್‌ನ ಗಾಳಿಚೀಲದ ಗೋಡೆಯಲ್ಲಿ ರಕ್ತನಾಳಗಳು ತುಂಬಿರುತ್ತವೆ, ಹೆಚ್ಚು ಕಡಿಮೆ ಶ್ವಾಸಕೋಶವೇ ಅದು. ಬೆಚ್ಚಗಿನ ನೀರಿನಲ್ಲಿ ಬೇಕಾದ ಆಮ್ಲಜನಕದ ದೊಡ್ಡ ಪಾಲು ಮೇಲಿನ ಗಾಳಿಯಿಂದಲೇ ಬರುತ್ತದೆ. ಇಲ್ಲಿಯವರೆಗೆ ಕೇಳಿಸಿಕೊಂಡವರು ‘ಹಾಗಾದರೆ ನೀರು ಹೇಗಿದ್ದರೇನು’ ಅಂದುಬಿಡುತ್ತಾರೆ. ಒಳಗೆ ತೆಗೆದುಕೊಳ್ಳುವುದು ಗಾಳಿಯಿಂದ ಸರಿ, ಹೊರಗೆ ಹಾಕುವುದು ಎಲ್ಲಿಂದ? ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಕಿವಿರಿನಿಂದಲೇ ಹೋಗುತ್ತದೆ. ಮೈಯ ಕಸವಾದ ಅಮೋನಿಯಾ ಕೂಡ ಅಲ್ಲಿಂದಲೇ. ನೀರಿನಲ್ಲಿ ಆಗಲೇ ಅಮೋನಿಯಾ ತುಂಬಿದ್ದರೆ ಮೈಯೊಳಗಿನದು ಹೊರಗೆ ಹೋಗಲು ದಾರಿ ಇಲ್ಲ, ಕಿವಿರೂ ಸುಡುತ್ತದೆ. ಆಮ್ಲಜನಕದ ಕೊರತೆ ಇಲ್ಲವಾದ್ದರಿಂದ ಮೀನು ಬೇರೆ ಮೀನಿನ ಹಾಗೆ ಒದ್ದಾಡಿ ತೋರಿಸುವುದಿಲ್ಲ. ಸುಮ್ನೆ ತೇಲುತ್ತಾ ಇರುತ್ತದೆ. ನಾವು ‘ಶಾಂತ ಸ್ವಭಾವ’ ಅಂದುಕೊಳ್ಳುತ್ತೇವೆ!

ಹಾಗಾಗಿ ನಿಮ್ಮ ಪಟ್ಟಿಯಲ್ಲಿ ದೊಡ್ಡ ಫಿಲ್ಟರ್‌ಗೆ ಮೊದಲ ಸ್ಥಾನ, ಆದರೆ ಅದನ್ನು ಹೊಸ ತೊಟ್ಟಿಯ ಅಳತೆಗೆ ಕೊಳ್ಳಿ. ಇಡೀ ತೊಟ್ಟಿಯ ನೀರು ಗಂಟೆಗೆ ನಾಲ್ಕೈದು ಸಲ ಫಿಲ್ಟರ್ ಮೂಲಕ ಹಾಯುವಂತಿರಲಿ. ನೀರಿನ ಮೇಲ್ಮೈ ಮಾತ್ರ ತೀರಾ ಕುದಿಯುವ ಹಾಗೆ ಇರಬಾರದು, ಅಲ್ಲೇ ತಾನೇ ಇದು ಇಡೀ ದಿನ ಇರುವುದು. ಹೊಸ ಫಿಲ್ಟರ್ ತಂದ ದಿನವೇ ಕೆಲಸ ಶುರು ಮಾಡುವುದಿಲ್ಲ, ಅದರಲ್ಲಿ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಹಳೆಯ ಫಿಲ್ಟರಿನ ಸ್ಪಂಜನ್ನು ತೊಳೆಯದೆ ಹೊಸದರಲ್ಲಿ ಸೇರಿಸಿದರೆ ಬೇಗ ಆಗುತ್ತದೆ. ಪರೀಕ್ಷಾ ಕಿಟ್ ಒಂದು ಇಟ್ಟುಕೊಳ್ಳಿ: ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು, ನೈಟ್ರೇಟ್ ಲೀಟರಿಗೆ 40 ಮಿ.ಗ್ರಾಂ. ದಾಟಬಾರದು. ವಾರಕ್ಕೊಮ್ಮೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ಹಾಕಿ.

ಆಹಾರಕ್ಕೆ ಬರೋಣ. ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಬೇಕು: ಗೋಲ್ಡ್‌ಫಿಶ್ ನಿಲ್ಲಿಸಿ. ಜೀವಂತ ಮೀನು ಹಾಕುವುದು ಕ್ರೂರವೇ ಅಲ್ಲವೇ ಅನ್ನುವುದು ಬೇರೆ ಚರ್ಚೆ. ಗೋಲ್ಡ್‌ಫಿಶ್‌ನಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇದೆ, ಅದು ವಿಟಮಿನ್ ಬಿ1 ಅನ್ನು ಒಡೆದುಹಾಕುತ್ತದೆ. ತಿಂಗಳುಗಟ್ಟಲೆ ಅದನ್ನೇ ತಿಂದ ಮೀನಿಗೆ ನರಗಳ ತೊಂದರೆ ಶುರುವಾಗುತ್ತದೆ: ಓಲಾಡುವುದು, ನಡುಗುವುದು, ಗುರಿ ತಪ್ಪಿ ಕಚ್ಚುವುದು. ಮೇಲಿಂದ ಸಾವಿರಾರು ಮೀನು ಒತ್ತೊತ್ತಾಗಿ ತುಂಬಿದ ತೊಟ್ಟಿಯಿಂದ ಬರುವ ಆ ಮರಿಗಳು ಪರಾವಲಂಬಿಗಳನ್ನೂ ರೋಗವನ್ನೂ ಹೊತ್ತು ತರುತ್ತವೆ. ಇದು ನಿಂತರೆ ನಿಮ್ಮ ವಿಟಮಿನ್ ಹನಿಯ ಅಗತ್ಯವೂ ನಿಲ್ಲುತ್ತದೆ. ನೀರಿಗೆ ಹಾಕುವ ವಿಟಮಿನ್‌ನಿಂದ ಮೀನಿಗಿಂತ ಫಿಲ್ಟರಿಗೆ ಜಾಸ್ತಿ ಪಾಲು ಹೋಗುತ್ತದೆ.

‘ಬೇರೇನೂ ಮುಟ್ಟುವುದಿಲ್ಲ’ ಅಂದಿರಿ. ಮುಟ್ಟುತ್ತದೆ. ಹಸಿವಾಗಲು ಬಿಡಬೇಕು ಅಷ್ಟೇ. 32 ಸೆಂ.ಮೀ.ನ, ಮೈ ತುಂಬಿದ ಆರೋಗ್ಯವಂತ ಗಾರ್ ಒಂದು ವಾರ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ನಾಲ್ಕೈದು ದಿನ ಏನೂ ಹಾಕಬೇಡಿ. ಆಮೇಲೆ ಗೋಲ್ಡ್‌ಫಿಶ್‌ನಷ್ಟೇ ಗಾತ್ರದ, ಫ್ರೀಜ್ ಮಾಡಿ ಕರಗಿಸಿದ ಮೀನಿನ ತುಂಡನ್ನೋ ಸಿಪ್ಪೆ ಸಹಿತ ಸಿಗಡಿಯನ್ನೋ ಉದ್ದನೆಯ ಚಿಮಟದಲ್ಲಿ ಹಿಡಿದು ನೀರಿನ ಮೇಲ್ಭಾಗದಲ್ಲಿ ಮೆಲ್ಲಗೆ ಅಲ್ಲಾಡಿಸಿ.

ಎಲ್ಲಿ ಹಿಡಿಯುತ್ತೀರಿ ಅನ್ನುವುದು ಮುಖ್ಯ. ಗಾರ್ ಮುಂದಕ್ಕೆ ನುಗ್ಗಿ ಕಚ್ಚುವ ಮೀನಲ್ಲ. ಬೇಟೆಯ ಪಕ್ಕಕ್ಕೆ ಕಡ್ಡಿಯ ಹಾಗೆ ತೇಲಿ ಬಂದು ತಲೆಯನ್ನು ಅಡ್ಡಕ್ಕೆ ಬೀಸುತ್ತದೆ. ಮೂತಿಯ ನೇರ ಎದುರಿಗೆ ಹಿಡಿದರೆ ಹಿಂದೆ ಸರಿಯುತ್ತದೆ, ನೀವು ‘ತಿನ್ನಲ್ಲ’ ಅಂದುಕೊಂಡು ಸೋಲುತ್ತೀರಿ. ಮೂತಿಯ ಮಗ್ಗುಲಿಗೆ, ಹಲ್ಲಿನ ಸಾಲಿನ ಹತ್ತಿರ ಹಿಡಿಯಿರಿ. ಕಚ್ಚಿದ ಮೇಲೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, ತಿರುಗಿಸಿ, ಆಮೇಲೆ ನುಂಗುತ್ತದೆ. ಆ ಹೊತ್ತಿನಲ್ಲಿ ನೀವು ಅಲುಗಾಡಿದರೂ ಉಗುಳಿಬಿಡಬಹುದು. ಮೊದಲ ದಿನ ತಿನ್ನದಿದ್ದರೆ ಅರ್ಧ ಗಂಟೆಯಲ್ಲಿ ತುಂಡನ್ನು ತೆಗೆದುಬಿಡಿ, ಮರುದಿನ ಮತ್ತೆ. ಹತ್ತು ದಿನವಾದರೂ ಬಾಯಿ ಹಾಕದಿದ್ದರೆ ಹಟ ಬೇಡ. ನೀವೇ ತಿಂಗಳು ಕಾಲ ಪ್ರತ್ಯೇಕ ಇಟ್ಟು ಸಾಕಿದ, ಗೋಲ್ಡ್‌ಫಿಶ್ ಜಾತಿಯದಲ್ಲದ ಒಂದೆರಡು ಮರಿ ಕೊಟ್ಟು ಮತ್ತೆ ಶುರುಮಾಡಿ.

ಸತ್ತ ಮೀನು ತಿನ್ನಲು ಕಲಿತ ಮೇಲೆ ತೇಲುವ ಪೆಲೆಟ್ (ಗುಳಿಗೆಯಂಥ ಒಣ ಆಹಾರ) ಕಲಿಸುವುದು ಕಷ್ಟವಲ್ಲ, ಮೇಲ್ಮೈಯಿಂದ ತಿನ್ನುವುದು ಇದರ ಸ್ವಭಾವವೇ. ಮಾಂಸಾಹಾರಿ ಮೀನುಗಳಿಗೆಂದೇ ಮಾಡಿದ ದೊಡ್ಡ ಪೆಲೆಟ್ ಅರ್ಧ, ತಿಲಾಪಿಯಾ ಥರದ ಥಯಾಮಿನೇಸ್ ಇಲ್ಲದ ಮೀನು ಮೂಳೆ ಸಹಿತ ಅರ್ಧ ಅಂದರೆ ಬಹಳ ಒಳ್ಳೆಯ ಊಟ. ತುಂಡು ಬಾಯಿಯ ಅಗಲಕ್ಕಿಂತ ದೊಡ್ಡದಿರಬಾರದು. ಕೋಳಿ, ಕುರಿ ಮಾಂಸ ಬೇಡ, ಆ ಕೊಬ್ಬು ಇದಕ್ಕೆ ಒಗ್ಗುವುದಿಲ್ಲ. ಈಗ ದಿನ ಬಿಟ್ಟು ದಿನ ಹಾಕಿ, ಬೆಳೆದ ಮೇಲೆ ವಾರಕ್ಕೆ ಎರಡು ಮೂರು ಸಲ ಸಾಕು. ಬೇಗ ದೊಡ್ಡದಾಗಲಿ ಅಂತ ತುರುಕುವವರಿದ್ದಾರೆ. ಹೊಟ್ಟೆ ಉಬ್ಬಿದ ಗಾರ್ ನೋಡಲು ಗಮ್ಮತ್ತು ಅನ್ನಿಸುತ್ತದೆ, ಒಳಗೆ ಪಿತ್ತಜನಕಾಂಗದ ಸುತ್ತ ಕೊಬ್ಬು ಕಟ್ಟಿರುತ್ತದೆ.

ಮುಚ್ಚಳದ ಬಗ್ಗೆ ನೀವು ಬರೆದೇ ಇಲ್ಲ. ಇದೆ ತಾನೇ? ಗಾರ್ ದಿನವಿಡೀ ಕೊರಡಿನ ಹಾಗಿರುತ್ತದೆ, ಕತ್ತಲಲ್ಲಿ ಯಾರೋ ಲೈಟ್ ಹಾಕಿದರೆ ಬಾಣದ ಹಾಗೆ ಚಿಮ್ಮುತ್ತದೆ. ಭಾರ ಇಟ್ಟ ಅಥವಾ ಕೊಂಡಿ ಹಾಕಿದ ಮುಚ್ಚಳ ಬೇಕು. ಆದರೆ ನೀರಿಗೂ ಮುಚ್ಚಳಕ್ಕೂ ನಡುವೆ ಕನಿಷ್ಠ ನಾಲ್ಕು ಬೆರಳು ಗಾಳಿ ಉಳಿಯಲಿ. ಮೇಲೆ ಬಂದು ಗಾಳಿ ಕುಡಿಯಲು ಆಗದಿದ್ದರೆ ಇದು ನೀರಿನಲ್ಲೇ ಉಸಿರುಗಟ್ಟುತ್ತದೆ. ದೀಪ ಮಂದವಾಗಿರಲಿ, ತೇಲುವ ಗಿಡಗಳಿದ್ದರೆ ಅದರ ಕೆಳಗೆ ಹೋಗಿ ನಿಲ್ಲುತ್ತದೆ. ಚೂಪಾದ ಕಲ್ಲು, ಕೊರಡು ಬೇಡ. ಅಲಂಕಾರ ಎಷ್ಟು ಕಡಿಮೆಯೋ ಮೂತಿಗೆ ಅಷ್ಟು ಕ್ಷೇಮ.

ಹೀಟರ್ ಜಾತಿಯನ್ನೂ ನಿಮ್ಮ ಹವೆಯನ್ನೂ ಅವಲಂಬಿಸುತ್ತದೆ. ಫ್ಲೋರಿಡಾ, ಟ್ರಾಪಿಕಲ್ ಗಾರ್‌ಗಳಿಗೆ 22ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ಲಾಂಗ್‌ನೋಸ್ ಕೆನಡಾದ ಕೊರೆಯುವ ನೀರಿನಲ್ಲೂ ಇರುವ ಮೀನು, ಅದಕ್ಕೆ ಚಳಿಯ ಚಿಂತೆ ಇಲ್ಲ. ಕೊಂಡರೆ ಹೀಟರನ್ನು ತೊಟ್ಟಿಯೊಳಗೆ ಕವಚ ಇಲ್ಲದೆ ಇಡಬೇಡಿ. ಬಾಲದ ಒಂದು ಏಟಿಗೆ ಅದರ ಗಾಜು ಒಡೆಯುತ್ತದೆ. ನೀರಿನಲ್ಲಿನ ರೋಗಾಣು ಕೊಲ್ಲುವ ಯುವಿ ದೀಪ ಕೊನೆಗೆ, ದುಡ್ಡು ಉಳಿದರೆ.

ಜೊತೆಗೆ ಬೇರೆ ಮೀನು ಬಿಡಬೇಕೆಂಬ ಆಸೆ ಇದ್ದರೆ ಸದ್ಯಕ್ಕೆ ತಡೆಯಿರಿ. ನುಂಗುವ ಗಾತ್ರದ್ದನ್ನು ನುಂಗುತ್ತದೆ, ಸಿಕ್ಲಿಡ್ ಕುಟುಂಬದ ಜಗಳಗಂಟ ಮೀನುಗಳು ಇದರ ಮೂತಿಯನ್ನೇ ಗುರಿ ಮಾಡುತ್ತವೆ. ಗಾರ್ ಒಂಟಿಯಾಗಿದ್ದರೆ ಕೊರಗುವುದಿಲ್ಲ.

ಹೊಸ ತೊಟ್ಟಿ ಸಿದ್ಧವಾದ ದಿನ ಬಲೆ ಹಾಕಿ ಹಿಡಿಯಬೇಡಿ. ಹಲ್ಲು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ದವಡೆ ಹಾಳಾಗುತ್ತದೆ. ನೀರು ಅರ್ಧ ಇಳಿಸಿ, ಉದ್ದನೆಯ ಪ್ಲಾಸ್ಟಿಕ್ ಡಬ್ಬವನ್ನು ಮುಳುಗಿಸಿ, ಮೀನನ್ನು ಅದರೊಳಗೆ ಮೆಲ್ಲಗೆ ಅಟ್ಟಿ, ನೀರಿನ ಸಮೇತ ಎತ್ತಿ. ಡಬ್ಬವನ್ನು ಪೂರ್ತಿ ತುಂಬಬೇಡಿ, ಮೇಲೆ ಗಾಳಿ ಇರಲಿ. ಒದ್ದೆ ಬಟ್ಟೆಯಿಂದ ಮುಚ್ಚಿದರೆ ಕತ್ತಲಾಗಿ ಸುಮ್ಮನಿರುತ್ತದೆ. ಹೊಸ ಜಾಗದಲ್ಲಿ ನಾಲ್ಕು ದಿನವೋ ಒಂದು ವಾರವೋ ಊಟ ಬಿಡಬಹುದು, ಬಣ್ಣವೂ ಕಪ್ಪಾಗಬಹುದು. ಗಾಬರಿಯಾಗಿ ಗೋಲ್ಡ್‌ಫಿಶ್ ತರಲು ಓಡಬೇಡಿ. ಮೇಲೆ ಬಂದು ಗಾಳಿ ಕುಡಿಯುತ್ತಿದೆಯೇ ನೋಡಿ, ನೀರು ಪರೀಕ್ಷಿಸಿ, ಸಂಜೆ ದೀಪ ಆರಿಸಿದ ಮೇಲೆ ಒಂದು ತುಂಡು ಹಿಡಿದು ನೋಡಿ. ಮೂತಿಯ ಪಕ್ಕಕ್ಕೆ, ಎದುರಿಗಲ್ಲ.